ಜೋಡಿ ತಪ್ಪಿದ ಬಂದೂಕುಗಳು: ಟಿಪ್ಪು ಸುಲ್ತಾನರ ಬದುಕು

ನಮ್ಮ ಅಬ್ಬಾ ಗುಜರಿ ವ್ಯಾಪಾರಿ. ಹಿತ್ತಾಳೆ ಬೇರೆ, ತಾಮ್ರ ಬೇರೆ, ಕಬ್ಬಿಣ ಬೇರೆ ಎಂದು ವಿಂಗಡಿಸಿ ತೂಕಕ್ಕೆ ಹಾಕುವುದನ್ನು ಚಿಕ್ಕಂದಿನಿಂದ ನೋಡಿಕೊಂಡು ಬೆಳೆದವನು ನಾನು. ಹಳೆಯ ವಸ್ತುವಿಗೆ ಕೆಜಿ ಲೆಕ್ಕವಲ್ಲದೆ ಬೇರೆ ಬೆಲೆಯೂ ಇದೆ ಎಂದು ನನಗೆ ಅರ್ಥವಾದದ್ದು ಈ ವರ್ಷದ ಶೈಕ್ಷಣಿಕ ಪ್ರವಾಸದಲ್ಲಿ, ಶ್ರೀರಂಗಪಟ್ಟಣದಲ್ಲಿ.

ಅಲ್ಲಿ ರೈಲು ನಿಲ್ದಾಣದ ಹತ್ತಿರ ಟಿಪ್ಪು ಕಾಲದ ಮದ್ದಿನ ಮನೆಯೊಂದಿದೆ. ಜೋಡಿ ಹಳಿಗೆ ಅಡ್ಡವಾಗಿದ್ದ ಅದನ್ನು ಒಡೆಯದೆ, 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದರು. ಇಲ್ಲಿನ ಮದ್ದು ತುಂಬುತ್ತಿದ್ದ ಬಂದೂಕುಗಳೆಲ್ಲ ಎಲ್ಲಿ ಹೋದವು ಎಂದು ನಮ್ಮ ಇತಿಹಾಸದ ಸರ್ ಅವರನ್ನು ಕೇಳಿದೆ. ಅದನ್ನು ನೀನೇ ಹುಡುಕಿ ಓದು ಎಂದರು. ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಟಿಪ್ಪು ಸುಲ್ತಾನರು ಹುಟ್ಟಿದ್ದು 1750ರ ನವೆಂಬರ್ 20ರಂದು, ದೇವನಹಳ್ಳಿಯಲ್ಲಿ. ನಮ್ಮ ವಯಸ್ಸು ಬರುವ ಮೊದಲೇ ತಂದೆ ಹೈದರಾಲಿಯವರ ಜೊತೆ ದಂಡಿನಲ್ಲಿದ್ದರು. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆಯನ್ನು ಸೋಲಿಸಿದಾಗ ಮೈಸೂರಿನ ರಾಕೆಟ್‌ಗಳ ಹೆಸರು ದೂರದವರೆಗೂ ಹೋಯಿತು. 1782ರ ಡಿಸೆಂಬರಿನಲ್ಲಿ ತಂದೆ ತೀರಿಕೊಂಡರು. ಯುದ್ಧದ ನಡುವೆಯೇ ಪಟ್ಟಕ್ಕೆ ಬಂದ ಟಿಪ್ಪು, 1784ರ ಮಂಗಳೂರು ಒಪ್ಪಂದದಿಂದ ಆ ಯುದ್ಧವನ್ನು ಮುಗಿಸಿದರು.

ಪರದೇಶದ ಬಂದೂಕುಗಳನ್ನು ಕೊಂಡು ಎಷ್ಟು ದಿನ ರಾಜ್ಯ ಉಳಿಸಿಕೊಳ್ಳಲು ಸಾಧ್ಯ? ಕೊಡುವವರು ನಿಲ್ಲಿಸಿದರೆ ಕೈ ಖಾಲಿ. ಅದಕ್ಕೇ ತಮ್ಮ ರಾಜ್ಯದಲ್ಲೇ ಕಾರ್ಖಾನೆಗಳನ್ನು ನಡೆಸಿದರು. 1787ರಲ್ಲಿ ಫ್ರಾನ್ಸಿಗೆ ರಾಯಭಾರಿಗಳನ್ನು ಕಳಿಸಿ, ಸೈನ್ಯದ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದರು. ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಸೈನ್ಯದ ನೆರವು ಸಿಗಲಿಲ್ಲ. ಮರಳುವಾಗ ಕೆಲವು ಕುಶಲಕರ್ಮಿಗಳು ಅವರ ಜೊತೆ ಬಂದರು.

ಟಿಪ್ಪು ಅವರಿಗಾಗಿ ತಯಾರಾದ ಚಕಮಕಿ ಬಂದೂಕುಗಳನ್ನು ಚಿತ್ರದಲ್ಲಿ ನೋಡಿದರೂ ಗುರುತು ಹಿಡಿಯಬಹುದು. ಮೈಮೇಲೆ ಬಬ್ರಿ ಎಂಬ ಹುಲಿಪಟ್ಟೆ, ಅಲ್ಲಲ್ಲಿ ಹುಲಿಯ ಮುಖ, ನಳಿಗೆಯ ಮೇಲೆ ಹೈದರ್ ಎಂಬ ಹೆಸರಿನ ಮುದ್ರೆ. ವರ್ಷವನ್ನು ಅವರೇ ಜಾರಿಗೆ ತಂದ ಮೌಲೂದಿ ಶಕೆಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾರೆ. ಅಂದರೆ 1222 ಎಂಬುದು ನಮ್ಮ ಕಣ್ಣಿಗೆ 2221 ಎಂದು ಕಾಣುತ್ತದೆ. ನನಗೆ ತುಂಬಾ ಇಷ್ಟವಾದದ್ದು ಪಿಸ್ತೂಲುಗಳ ಜೋಡಿ. ಕೆಲವು ಜೋಡಿಗಳಲ್ಲಿ ಒಂದರ ಚಕಮಕಿ ಬಲಗಡೆ, ಇನ್ನೊಂದರದ್ದು ಎಡಗಡೆ. ಕನ್ನಡಿಯಲ್ಲಿ ನೋಡಿದ ಹಾಗೆ! ಒಂದೇ ಪಿಸ್ತೂಲು ಸಿಕ್ಕರೆ ಈ ಜಾಣ್ಮೆ ತಿಳಿಯುವುದೇ ಇಲ್ಲ.

1792ರಲ್ಲಿ ದೊಡ್ಡ ಸೋಲು ಬಂತು. ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮೇಲೆ ಹೇಳಿದ 1222 ಎಂದರೆ ಸುಮಾರು 1794. ಮಕ್ಕಳು ಮನೆಗೆ ಮರಳಿದ್ದು ಅದೇ ವರ್ಷ. ಅಂಥ ಕಾಲದಲ್ಲೂ ಕಾರ್ಖಾನೆಯ ಕುಲುಮೆ ಆರಿರಲಿಲ್ಲ ಎಂಬುದು ಆ ನಾಲ್ಕು ಅಂಕಿಗಳಿಂದ ನನಗೆ ತಿಳಿಯಿತು.

1799ರ ಮೇ 4ರ ಮಧ್ಯಾಹ್ನ ಕೋಟೆಯ ಗೋಡೆ ಬಿರುಕು ಬಿಟ್ಟ ಕಡೆಯಿಂದ ಕಂಪನಿಯ ಸೈನ್ಯ ಒಳನುಗ್ಗಿತು. ಸೇವಕರು ಒಂದೊಂದಾಗಿ ಗುಂಡು ತುಂಬಿ ಕೊಡುತ್ತಿದ್ದ ಬಂದೂಕುಗಳಿಂದ ಸುಲ್ತಾನರು ತಾವೇ ಗುಂಡು ಹಾರಿಸಿದರು. ಸಂಜೆಗೆ ಕೋಟೆಯ ಬಾಗಿಲೊಂದರಲ್ಲಿ, ಸತ್ತವರ ರಾಶಿಯ ನಡುವೆ ಅವರ ದೇಹ ಸಿಕ್ಕಿತು.

ಆ ರಾತ್ರಿಯೇ ಲೂಟಿ. ಆಮೇಲೆ ಅಧಿಕೃತ ಹಂಚಿಕೆ. 900ಕ್ಕೂ ಹೆಚ್ಚು ತೋಪುಗಳು ಗೆದ್ದವರ ಪಾಲಾದವು. ಹುಲಿಪಟ್ಟೆಯ ಬಂದೂಕುಗಳು ಅಧಿಕಾರಿಗಳ ಪೆಟ್ಟಿಗೆ ಸೇರಿ ಹಡಗು ಹತ್ತಿದವು. ಕೆಲವು ಇಂಗ್ಲೆಂಡಿನ ಅರಮನೆಗೆ, ಕೆಲವು ಮನೆಗಳ ಅಟ್ಟಕ್ಕೆ ಹೋದವು. ಬಂದೂಕು ಒಂದು ಊರಿನಲ್ಲಿ, ಅದರ ಬಯೊನೆಟ್ ಇನ್ನೊಂದು ಊರಿನಲ್ಲಿ ಉಳಿದರೆ ಕೇಳುವವರು ಯಾರು?

ಕೇಳಿದವರೂ ಇದ್ದರು. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕರು ಈ ಬಂದೂಕುಗಳನ್ನು ಹುಡುಕಿ ಕೂಡಿಸಿ, 1992ರಲ್ಲಿ ಅವುಗಳ ಬಗ್ಗೆಯೇ ಪುಸ್ತಕ ಬರೆದರು. ಹೀಗೆ ಕೂಡಿಸುವವರಿಗೆ ಮುದ್ರೆ, ವರ್ಷ, ಊರು, ಹುಲಿಪಟ್ಟೆಯ ಕೆಲಸ, ನಳಿಗೆಯ ಅಳತೆ ಎಲ್ಲವೂ ತಾಳೆಯಾಗಬೇಕು. ಆದರೆ 2005ರಲ್ಲಿ ಆ ಸಂಗ್ರಹವೇ ಲಂಡನ್ನಿನಲ್ಲಿ ಹರಾಜಾಗಿ ಮತ್ತೆ ಚದುರಿತು. 2019ರಲ್ಲಿ ಕಂಪನಿಯ ಅಧಿಕಾರಿಯೊಬ್ಬನ ವಂಶಸ್ಥರ ಮನೆಯಿಂದ ಬೆಳ್ಳಿ ಕೆಲಸದ ಒಂದು ಬಂದೂಕು ಹರಾಜಿಗೆ ಬಂತು. ಅದರ ಬಯೊನೆಟ್ ಜೊತೆಗೇ ಇತ್ತು. ಮೈಮೇಲೆ ಯುದ್ಧದಲ್ಲಿ ಆದ ಪೆಟ್ಟಿನ ಗುರುತೂ ಇತ್ತು. 60,000 ಪೌಂಡಿಗೆ ಹೋಯಿತು. ಅಷ್ಟು ಹಣ ಬಂದದ್ದು ಬೆಳ್ಳಿಯ ತೂಕಕ್ಕಂತೂ ಅಲ್ಲ.

ನಮ್ಮಲ್ಲೂ ಉಳಿದದ್ದು ಇದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಅವು ಮೊದಲೇ ಯಾರದೋ ಗುಜರಿ ಅಂಗಡಿಗೆ ಬಂದಿದ್ದರೆ? ತುಕ್ಕು ಹಿಡಿದ ಕಬ್ಬಿಣ, ಕೆಜಿಗೆ ಇಷ್ಟು, ಅಷ್ಟೇ ಆಗುತ್ತಿತ್ತು.

ಕಳೆದ ತಿಂಗಳು ನಮ್ಮ ಅಂಗಡಿಗೆ ಮುಚ್ಚಳವಿಲ್ಲದ ಹಳೆಯ ಹಿತ್ತಾಳೆ ಪಾನ್‌ದಾನ್ ಒಂದು ಬಂತು. ತೂಕಕ್ಕೆ ಹಾಕುವ ಮೊದಲು, ಕೊಟ್ಟವರ ಮನೆಯಲ್ಲಿ ಮುಚ್ಚಳ ಇದೆಯೇ ಕೇಳಿ ಅಬ್ಬಾ ಎಂದೆ. ಅಬ್ಬಾ ನಕ್ಕರು, ಆದರೆ ಕೇಳಿದರು. ಹುಡುಕುತ್ತೇವೆ ಎಂದಿದ್ದಾರಂತೆ. ಪಾನ್‌ದಾನ್ ಈಗ ತಕ್ಕಡಿಯ ಮೇಲಿನ ಗೂಡಿನಲ್ಲಿ ಕಾಯುತ್ತಿದೆ.