ಪತ್ರಿಕೆ ತಂದ ಮೊಗ್ಲಿಂಗ್, ಆನಂದಪುರದ ಚರ್ಚಿಗೂ ಮೂಲಪುರುಷ

ಸಿದ್ದಾಪುರ: ಪ್ರತಿ ವರ್ಷ ಜುಲೈ 1ರ ಪತ್ರಿಕಾ ದಿನ ಬಂತೆಂದರೆ ಹರ್ಮನ್ ಮೊಗ್ಲಿಂಗ್ ಫೋಟೋಗೆ ಹಾರ ಬೀಳುತ್ತೆ. 1843ರ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದವರು ಅವರು. ಆದರೆ ನಮ್ಮ ಸಿದ್ದಾಪುರದ ಹತ್ತಿರದ ಆನಂದಪುರ ಊರು, ಅಲ್ಲಿನ ಕ್ರೈಸ್ತ ಸಭೆ ಕೂಡ ಅವರಿಂದಲೇ ಶುರುವಾಯ್ತು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯಲ್ಲಿ. ಬಾಸೆಲ್ ಮಿಷನ್ ಕೆಲಸಕ್ಕಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಕನ್ನಡ ಚೆನ್ನಾಗಿ ಕಲಿತರು. ಬೇರೆ ಧರ್ಮದ ಪುಸ್ತಕ ಅಂತ ದೂರ ಇಡದೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು.

ಕೊಡಗಿಗೆ ಬಂದದ್ದು 1853ರಲ್ಲಿ. ಕ್ರೈಸ್ತ ಮತಕ್ಕೆ ಸೇರಿದ್ದ ಸೋಮಯ್ಯ ಎಂಬ ಕೊಡವರ ಜೊತೆ ಬಂದರು. ಮತ ಬದಲಿಸಿದ್ದಕ್ಕೆ ಸೋಮಯ್ಯನವರು ತಮ್ಮವರಿಂದಲೇ ಹೊರಗಾಗಬೇಕಾಯ್ತು. ಕೊಡಗಿನ ಕೆಲಸಕ್ಕೆ ಬಾಸೆಲ್‌ನ ಹಿರಿಯರು ಮೊದಮೊದಲು ಒಪ್ಪಿರಲಿಲ್ಲ. ಮೊಗ್ಲಿಂಗ್ ಸ್ವಂತ ಜವಾಬ್ದಾರಿ ಮೇಲೆ ನಿಂತರು.

ಆಗಿನ ಕೊಡಗಿನಲ್ಲಿ ದಲಿತ ಕುಟುಂಬಗಳದು ಜೀತದ ಬದುಕು. ಒಡೆಯರ ಜಮೀನಿಗೇ ಕಟ್ಟುಬಿದ್ದವರು. 1843ರಲ್ಲೇ ಕಂಪನಿ ಸರ್ಕಾರ ಗುಲಾಮಗಿರಿ ವಿರುದ್ಧ ಕಾನೂನು ಮಾಡಿತ್ತು, ನಿಜ. ಆದರೆ ಬಿಟ್ಟು ಹೋದರೆ ನಿಲ್ಲೋಕೆ ಜಾಗ ಎಲ್ಲಿ? ಉಣ್ಣೋಕೆ ಗೇಯ್ಮೆ ಎಲ್ಲಿ? ಕಾಗದದ ಮೇಲಿನ ಬಿಡುಗಡೆಯಿಂದ ಹೊಟ್ಟೆ ತುಂಬೋದಿಲ್ಲ.

1857ರ ಹೊತ್ತಿಗೆ ಇಂಥ ಕುಟುಂಬಗಳಿಗಾಗಿ ನೆಲೆಯಾದ ಊರೇ ಆನಂದಪುರ. ಇಲ್ಲಿ ಪ್ರಾರ್ಥನೆಯ ಜೊತೆಗೇ ಇರೋಕೆ ಜಾಗ, ದುಡಿಯೋಕೆ ಭೂಮಿ ಸಿಕ್ಕಿತು. ಕಾಫಿ ಬೆಳೆಸುವ ಪ್ರಯತ್ನವೂ ನಡೆಯಿತು. ಒಡೆಯನ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದವರು ತಮ್ಮ ಊರಿನ ಹೆಸರು ಹೇಳುವಂತಾಯ್ತು. ಮತಾಂತರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಬದಲಾವಣೆ ಸಣ್ಣದಲ್ಲ.

ಊರು ಬೆಳೆಯೋದನ್ನು ನೋಡುವ ಭಾಗ್ಯ ಮಾತ್ರ ಮೊಗ್ಲಿಂಗ್‌ಗೆ ಸಿಗಲಿಲ್ಲ. ಹೆಂಡತಿ ಪೌಲೀನ್ ಅವರ ಆರೋಗ್ಯ ಕೆಟ್ಟಿದ್ದರಿಂದ 1860ರಲ್ಲಿ ಜರ್ಮನಿಗೆ ಹೊರಟರು. ಅಲ್ಲೂ ಕನ್ನಡ ಬಿಡಲಿಲ್ಲ, ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದರು. 1881ರಲ್ಲಿ ಅಲ್ಲೇ ತೀರಿಕೊಂಡರು.

ಅವರ ಪತ್ರಿಕೆ ಬಹಳ ದಿನ ಬಾಳಲಿಲ್ಲ. ಆನಂದಪುರ ಇವತ್ತಿಗೂ ಇದೆ, ಸಭೆಯೂ ಇದೆ. ಮುಂದಿನ ಜುಲೈ 1ಕ್ಕೆ ಫೋಟೋಗೆ ಹಾರ ಹಾಕುವಾಗ ಈ ಊರನ್ನೂ ಒಮ್ಮೆ ನೆನೆಯೋಣ.