ಶ್ರೀ ರುಮಾಲೆ ಚೆನ್ನಬಸವಯ್ಯನವರು

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯ ಮಹಾಜನರಿಗೆ ಚಿತ್ರಕಲೆಯೆಂದೊಡನೆ ನೆನಪಾಗುವುದು ಕಲಬುರಗಿಯ ಶ್ರೀ ಎಸ್. ಎಂ. ಪಂಡಿತರ ಹೆಸರು. 1916ರಲ್ಲಿ ಹುಟ್ಟಿದ ಪಂಡಿತರು, ಆಳಂದವನ್ನೇ ಮನೆತನದ ಹೆಸರಾಗಿ ಧರಿಸಿದ್ದ ಶಂಕರರಾವ್ ಆಳಂದಕರರ ಬಳಿ ಎಳೆಯ ವಯಸ್ಸಿನಲ್ಲಿಯೇ ಕುಂಚ ಹಿಡಿದು, ಮುಂಬಯಿಗೆ ತೆರಳಿ, ಜೀವಮಾನವೆಲ್ಲ ಅದನ್ನೇ ನಂಬಿ ಬಾಳಿದರು. ಅಂಥವರ ವಿಷಯದಲ್ಲಿ ಕಲೆಯ ಮೋಹ ಎಂದು ಹುಟ್ಟಿತೆಂದು ಕೇಳುವ ಪ್ರಯೋಜನವಿಲ್ಲ. ಆದರೆ ಹಿಡಿದ ಕುಂಚವನ್ನು ಕೆಳಗಿಟ್ಟು, ಮೂರು ದಶಕಗಳ ಕಾಲ ದೇಶದ ಕೆಲಸ ಮಾಡಿ, ಐವತ್ತು ದಾಟಿದ ಮೇಲೆ ಅದನ್ನು ಮರಳಿ ಎತ್ತಿಕೊಂಡ ಮಹನೀಯರೊಬ್ಬರು ಮೈಸೂರು ಸೀಮೆಯಲ್ಲಿ ಆಗಿಹೋಗಿದ್ದಾರೆ. ಅವರ ಚರಿತ್ರೆ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಅಷ್ಟಾಗಿ ಪರಿಚಿತವಲ್ಲ.

ಶ್ರೀ ರುಮಾಲೆ ಚೆನ್ನಬಸವಯ್ಯನವರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದರು. ತಾರುಣ್ಯದಲ್ಲಿ ಬೆಂಗಳೂರಿನ ಅ. ನ. ಸುಬ್ಬರಾಯರ ಕಲಾಮಂದಿರದಲ್ಲಿಯೂ, ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿಯೂ ಚಿತ್ರವನ್ನು ಅಭ್ಯಾಸ ಮಾಡಿದರು. ಅಷ್ಟರಲ್ಲಿ 1930ರ ಉಪ್ಪಿನ ಸತ್ಯಾಗ್ರಹದ ಗಾಳಿ ಬೀಸಿತು. ಬಣ್ಣದ ಪೆಟ್ಟಿಗೆ ಮುಚ್ಚಿತು. ಡಾಕ್ಟರ್ ಹರ್ಡೀಕರರು ಕಟ್ಟಿ ಬೆಳೆಸಿದ ಸೇವಾದಳ, ಹಲವು ಸಲದ ಸೆರೆವಾಸ, ಸ್ವಾತಂತ್ರ್ಯಾನಂತರ ವಿಧಾನಮಂಡಲದ ಸದಸ್ಯತ್ವ, ‘ತಾಯಿನಾಡು’ ದಿನಪತ್ರಿಕೆಯ ಸಂಪಾದಕತ್ವ, ಇವು ಅವರ ಮುಂದಿನ ಮೂವತ್ತು ವರ್ಷಗಳ ಕಥೆ. ದಿನಪತ್ರಿಕೆಯ ಮೇಜಿನ ಮುಂದೆ ಕುಳಿತು ಬಲ್ಲವರಿಗೆ, ಅಲ್ಲಿ ಚಿತ್ರ ಬರೆಯಲು ಎಷ್ಟು ಬಿಡುವು ದೊರೆಯುತ್ತದೆಂಬುದನ್ನು ನಾವು ಹೇಳಬೇಕಾಗಿಲ್ಲ.

1962ರಲ್ಲಿ ಅವರು ಸಾರ್ವಜನಿಕ ಜೀವನದಿಂದ ಹಿಂದೆ ಸರಿದರು. ಆಗ ಅವರಿಗೆ ವಯಸ್ಸು 52. ರಾಜಕೀಯದಲ್ಲಿ ಅದು ಅಸ್ತಮಾನದ ಕಾಲವಲ್ಲ. ಸೆರೆಮನೆ ಕಂಡವರಿಗೆ ಪದವಿಗಳ ಬಾಗಿಲು ಇನ್ನೂ ತೆರೆದಿದ್ದ ದಿನಗಳವು. ಅವರು ಆ ಕಡೆ ತಿರುಗದೆ ಬೆಂಗಳೂರಿನ ರಾಜಾಜಿನಗರದಲ್ಲಿ ನೆಲೆಸಿ, ಕಬ್ಬನ್ ಉದ್ಯಾನ, ಲಾಲ್‌ಬಾಗು, ಹೂಬಿಟ್ಟ ಬೀದಿಗಳನ್ನರಸಿ ಹೊರಟರು. ಪಿಂಚಣಿ ಬಂದ ಮೇಲೆ ಹೊತ್ತು ಕಳೆಯಲು ಮಾಡುವ ವಿನೋದ ಇದಾಗಿರಲಿಲ್ಲ. ಬಯಲಿನಲ್ಲಿ ಮರದೆದುರು ನಿಂತು ಬರೆಯುವುದು ಅವರ ಕ್ರಮ. ನೀರಿನ ಬಣ್ಣದಲ್ಲಿಯೂ ಎಣ್ಣೆಯ ಬಣ್ಣದಲ್ಲಿಯೂ ಬರೆದರು. ಎಣ್ಣೆಯ ಚಿತ್ರಗಳಲ್ಲಿ ಬಣ್ಣ ದಪ್ಪವಾಗಿ ಮೆತ್ತಿದಂತಿದ್ದು, ಕುಂಚದ ಪ್ರತಿಯೊಂದು ಎಳೆತವೂ ಎದ್ದು ಕಾಣುತ್ತದೆ.

ಇದನ್ನು ಕಂಡವರು ಹಾಲೆಂಡಿನ ವ್ಯಾನ್ ಗೋನನ್ನು ನೆನೆಯುವುದು ವಾಡಿಕೆ. ಹೋಲಿಕೆ ಬಣ್ಣದ ಮಟ್ಟಿಗೆ ಸರಿ. ಆದರೆ ಆತನು 37ನೆಯ ವಯಸ್ಸಿಗೇ ತೀರಿಕೊಂಡನು. ಚೆನ್ನಬಸವಯ್ಯನವರಿಗೆ 37 ತುಂಬಿದ್ದು 1947ರಲ್ಲಿ; ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಸಂಸ್ಥಾನವೆಲ್ಲ ಎದ್ದು ನಿಂತಿದ್ದ ವರ್ಷ ಅದು. ದೇಶಸೇವೆಯು ಕಲಾವಿದನನ್ನು ಕಸಿದುಕೊಂಡಿತೇ ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಲೇಬೇಕಾಗುತ್ತದೆ. ನಷ್ಟವೇ ಇಲ್ಲವೆಂದರೆ ಸುಳ್ಳಾದೀತು: ಕೈ ಪಳಗುವ ವಯಸ್ಸು ಬೇರೆ ಕೆಲಸಕ್ಕೆ ಸಂದಿತ್ತು, ಮನುಷ್ಯಾಕೃತಿಗೆ ಅವರ ಚಿತ್ರಗಳಲ್ಲಿ ದೊರೆತ ಸ್ಥಾನವೂ ಅಲ್ಪ. ಆದರೂ ಇಪ್ಪತ್ತರ ಹರೆಯದಲ್ಲಿ ಅವರಿಗಿದ್ದುದು ವಿದ್ಯೆ. ಪ್ರೀತಿಯು ಬಂದುದು ಐವತ್ತರ ಮೇಲೆಯೇ ಎಂದು ನಮಗೆ ತೋರುತ್ತದೆ. ಮೂವತ್ತು ವರ್ಷ ಮಾತಿನಲ್ಲಿ ಕರೆದ ತಾಯಿನಾಡನ್ನು ಅವರು ಬಿಡುವಾಗಿ ನಿಂತು ನೋಡಿದ್ದು ಆಗಲೇ.

ಹಾಗೆ ನೋಡಿದಾಗ ಕಂಡದ್ದೇನು? ಮಡಗಾಸ್ಕರದಿಂದ ಬಂದ ಗುಲ್‌ಮೊಹರು, ದಕ್ಷಿಣ ಅಮೆರಿಕದ ಜಕರಂಡ, ಅಮೆರಿಕದ ಉಷ್ಣಪ್ರದೇಶಗಳ ಟಬೆಬುಯಾ! ವರ್ಷದುದ್ದಕ್ಕೂ ಒಂದಾದ ಮೇಲೊಂದು ಜಾತಿ ಹೂಬಿಡುವಂತೆ ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ನೆಡಿಸಿದವನು, ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್. ಖಾದಿಯನ್ನುಟ್ಟು ಸೆರೆಮನೆಗೆ ಹೋದವರು ಈ ಪರದೇಶದ ಗಿಡಗಳನ್ನು ಒಲಿದುದರಲ್ಲಿ ಅಸಂಗತವೇನೂ ಇಲ್ಲ. ಈ ಮಣ್ಣಿನಲ್ಲಿ ಬೇರೂರಿದ್ದನ್ನು ಅವರು ನಮ್ಮದೆಂದೇ ಬಗೆದರು.

1988ರಲ್ಲಿ ಚೆನ್ನಬಸವಯ್ಯನವರು ತೀರಿಕೊಂಡರು. ರಸ್ತೆಗಳನ್ನು ಅಗಲಮಾಡುವ ಕಾರ್ಯದಲ್ಲಿ ಬೆಂಗಳೂರಿನ ಸಾಲುಮರಗಳು ಅನೇಕವು ಆಮೇಲೆ ನೆಲಕ್ಕುರುಳಿವೆ. ರಾಜಾಜಿನಗರದ ಅವರ ಚಿತ್ರಶಾಲೆಯನ್ನು ನೋಡಬಂದವರಲ್ಲಿ ವಯಸ್ಸಾದವರು, ಚಿತ್ರದ ಮುಂದೆ ನಿಂತು ಇದು ಯಾವ ಬೀದಿಯ ಮರವೆಂದು ಗುರುತಿಸಲು ಯತ್ನಿಸುವುದು ಸಹಜವೇ ಆಗಿದೆ.