ಟೆಕ್ಸ್ ಏವರಿ

ಹರಿಹರಪುರದಂತಹ ಮಲೆನಾಡಿನ ಊರುಗಳಲ್ಲಿ ಯಕ್ಷಗಾನ ಬಯಲಾಟವನ್ನು ಕಂಡವರಿಗೆ ಹಾಸ್ಯಗಾರನು ಅಪರಿಚಿತನಲ್ಲ. ರಕ್ಕಸನೆದುರು ಗಡಗಡ ನಡುಗುತ್ತಿದ್ದ ದೂತನು ಥಟ್ಟನೆ ಭಾಗವತರತ್ತ ತಿರುಗಿ ಊರಿನ ಸುದ್ದಿಯನ್ನೆತ್ತುತ್ತಾನೆ. ಕಥೆ ಗಳಿಗೆಹೊತ್ತು ನಿಲ್ಲುತ್ತದೆ, ಸಭೆ ನಗುತ್ತದೆ. ಈ ಸಲಿಗೆಯನ್ನೇ ಅಮೆರಿಕದ ಕಾರ್ಟೂನ್ ಚಿತ್ರಗಳಲ್ಲಿ ಮೆರೆಸಿದವನು ಟೆಕ್ಸ್ ಏವರಿ. ಅವನು ಯಕ್ಷಗಾನವನ್ನು ಕಂಡವನಲ್ಲ. ನಗಿಸುವವರ ಜಾಡು ಎಲ್ಲೆಡೆಯೂ ಒಂದೇ ಇರಬೇಕು.

ಏವರಿ 1908ರ ಫೆಬ್ರವರಿ 26ರಂದು ಟೆಕ್ಸಾಸ್ ಪ್ರಾಂತದ ಟೇಲರ್ ಎಂಬಲ್ಲಿ ಜನಿಸಿದನು. ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯಬೇಕೆಂಬ ಹಂಬಲ ಕೈಗೂಡಲಿಲ್ಲ. ಲಾಸ್ ಏಂಜಲೀಸಿಗೆ ಬಂದು ಕಾರ್ಟೂನ್ ಚಿತ್ರಶಾಲೆಯನ್ನು ಸೇರಿದನು. ಅಲ್ಲಿ ಒಂದು ದಿನ ಸಹೋದ್ಯೋಗಿಗಳ ಹುಡುಗಾಟದಲ್ಲಿ ರಬ್ಬರಿನಿಂದ ಚಿಮ್ಮಿದ ಕಾಗದದ ಕ್ಲಿಪ್ಪೊಂದು ಅವನ ಎಡಗಣ್ಣಿಗೆ ತಗುಲಿತು. ದೃಷ್ಟಿ ಹೋಯಿತು. ಕಣ್ಣನ್ನೇ ನೆಚ್ಚಿ ಬದುಕುವ ಚಿತ್ರಗಾರನಿಗೆ ಇದು ಎಂತಹ ಆಘಾತ! ಆದರೂ ಅವನು ಕುಂಚವನ್ನು ಕೆಳಗಿಡಲಿಲ್ಲ.

1935ರಲ್ಲಿ ವಾರ್ನರ್ ಸಂಸ್ಥೆಗೆ ಕಾರ್ಟೂನ್ ಒದಗಿಸುತ್ತಿದ್ದ ಲಿಯಾನ್ ಶ್ಲೆಸಿಂಜರನ ಬಳಿ ಏವರಿ ನಿರ್ದೇಶಕನಾದನು. ಅವನಿಗೂ ಅವನ ತರುಣ ಸಂಗಡಿಗರಿಗೂ ದೊರೆತದ್ದು ಮರದ ಹಳೆಯ ಕಟ್ಟಡ. ಅದಕ್ಕೆ ಅವರಿಟ್ಟ ಅಡ್ಡಹೆಸರೇ ಗೆದ್ದಲಿನದು. 1937ರಲ್ಲಿ ಡ್ಯಾಫಿ ಎಂಬ ತಿಕ್ಕಲು ಬಾತುಕೋಳಿಯೂ, 1940ರಲ್ಲಿ ಬಗ್ಸ್ ಬನಿ ಎಂಬ ಮೊಲದ ಪರಿಪೂರ್ಣ ರೂಪವೂ ಅವನ ನಿರ್ದೇಶನದಲ್ಲಿಯೇ ಮೂಡಿದವು.

1938ರಲ್ಲಿ ವಾರ್ನರ್ ಸಂಸ್ಥೆಯು ‘ಏಂಜಲ್ಸ್ ವಿತ್ ಡರ್ಟಿ ಫೇಸಸ್’ ಎಂಬ ಜನಪ್ರಿಯ ಅಪರಾಧ ಚಿತ್ರವನ್ನು ತೆರೆಗೆ ತಂದಿತ್ತು. ಮರುವರ್ಷವೇ ಏವರಿ ಅದರ ಹೆಸರನ್ನು ಅಣಕಿಸಿ ‘ಥಗ್ಸ್ ವಿತ್ ಡರ್ಟಿ ಮಗ್ಸ್’ ಎಂಬ ಸುಮಾರು ಎಂಟು ನಿಮಿಷಗಳ ಕಾರ್ಟೂನನ್ನು ರಚಿಸಿದನು. ತನ್ನ ಸರಕನ್ನೇ ಗೇಲಿಮಾಡಲು ಬಿಟ್ಟ ಸಂಸ್ಥೆಯ ಧಾರಾಳವನ್ನೂ ಮೆಚ್ಚಬೇಕು. ನಟ ಎಡ್ವರ್ಡ್ ಜಿ. ರಾಬಿನ್‌ಸನ್ನನ ಮುಖವನ್ನು ಹೋಲುವ ದರೋಡೆಕೋರನೊಬ್ಬನು ಬ್ಯಾಂಕುಗಳನ್ನು ಅಂಕೆಯ ಕ್ರಮದಲ್ಲಿಯೇ ದೋಚುತ್ತ ಸಾಗುತ್ತಾನೆ. 13ನೆಯದನ್ನು ಮಾತ್ರ ಅಪಶಕುನವೆಂದು ಬಿಡುತ್ತಾನೆ! ನಡುವೆ ಪ್ರೇಕ್ಷಕನೊಬ್ಬನು ಎದ್ದು ಹೊರಡುವ ನೆರಳು ತೆರೆಯ ಮೇಲೆ ಕಾಣಿಸುತ್ತದೆ. ಪೊಲೀಸರಿಗೆ ಸುಳಿವು ಕೊಡಲು ಹೊರಟಿರುವನೆಂದು ಶಂಕಿಸಿದ ಕಳ್ಳನು ಅವನನ್ನು ಗದರಿಸಿ ಕುಳ್ಳಿರಿಸುತ್ತಾನೆ. ಶಂಕೆ ಸುಳ್ಳಲ್ಲ. ಚಿತ್ರವನ್ನು ಆಗಲೇ ಎರಡು ಬಾರಿ ನೋಡಿದ್ದ ಆ ಪ್ರೇಕ್ಷಕನು, ಮುಂದಿನ ಕಳ್ಳತನ ನಡೆಯುವ ಮನೆಯನ್ನು ಪೊಲೀಸ್ ಅಧಿಕಾರಿಗೆ ತಿಳಿಸಿಯೇ ಬಿಡುತ್ತಾನೆ. ಸಿಕ್ಕಿಬಿದ್ದ ಕಳ್ಳನಿಗೆ ಆಗುವ ಶಿಕ್ಷೆ, ತಾನು ತುಂಟನೆಂದು ಶಾಲೆಯ ಕರಿಹಲಗೆಯ ಮೇಲೆ ಮತ್ತೆ ಮತ್ತೆ ಬರೆಯುವುದು. ಈ ಶಿಕ್ಷೆಯ ರುಚಿಯನ್ನು ಬಲ್ಲ ವಿದ್ಯಾರ್ಥಿಗಳು ನಮ್ಮಲ್ಲಿಯೂ ಇಲ್ಲದಿಲ್ಲ.

ಈ ನಗೆಯ ಹಿಂದೆ ಕಠಿಣವಾದ ಗಣಿತವಿತ್ತು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದು ಚೇಷ್ಟೆಯು ನೋಟಕರ ಕಣ್ಣಿಗೆ ನಾಟಲು ಐದು ಚೌಕಟ್ಟುಗಳೇ ಸಾಕೆಂಬುದು ಏವರಿ ಕಂಡುಕೊಂಡ ಲೆಕ್ಕ. ಚಿತ್ರ ಮುಗಿದ ಮೇಲೂ ಕೆಲವು ಚೌಕಟ್ಟುಗಳನ್ನು ಕತ್ತರಿಸಿ ತೆಗೆಯುವನು, ಆದರೂ ತೃಪ್ತಿಯಿಲ್ಲ. 1941ರಲ್ಲಿ ತನ್ನ ಮೊಲದ ಚಿತ್ರವೊಂದರ ಕೊನೆಯ ಭಾಗವನ್ನು ನಿರ್ಮಾಪಕನು ಕತ್ತರಿಸಿದಾಗ ಅವನು ಸಹಿಸಲಿಲ್ಲ. ಹೆಸರು ತಂದಿತ್ತ ಪಾತ್ರಗಳನ್ನೆಲ್ಲ ಅಲ್ಲಿಯೇ ಬಿಟ್ಟು ಹೊರನಡೆದನು.

ಅನಂತರ ಎಂ.ಜಿ.ಎಂ. ಸಂಸ್ಥೆಯಲ್ಲಿ ಹನ್ನೊಂದು ವರ್ಷಗಳಿಗೂ ಮಿಗಿಲಾಗಿ ದುಡಿದನು. ದುಡಿಮೆಯ ಭಾರದಿಂದ ಬಳಲಿ, 1950ರಲ್ಲಿ ವರ್ಷಕ್ಕೂ ಹೆಚ್ಚು ಕಾಲ ದೂರ ಉಳಿಯಬೇಕಾಯಿತು. ಮುಂದೆ ದೂರದರ್ಶನದ ಜಾಹೀರಾತುಗಳಿಗೆ ಚಿತ್ರ ಬರೆದನು. 1972ರಲ್ಲಿ ಮಗನನ್ನು ಕಳೆದುಕೊಂಡನು. ಎಪ್ಪತ್ತು ದಾಟಿದ ಮೇಲೂ ಹನ್ನಾ-ಬಾರ್ಬೆರಾ ಚಿತ್ರಶಾಲೆಗೆ ಹೋಗಿ, ಕಿರಿಯರ ನಡುವೆ ಕುಳಿತು, ಮಕ್ಕಳ ಕಾರ್ಟೂನುಗಳಿಗೆ ನಗೆಪ್ರಸಂಗಗಳನ್ನು ಹೊಸೆಯುತ್ತಿದ್ದನು. 1980ರ ಆಗಸ್ಟ್ 26ರಂದು ತೀರಿಕೊಂಡಾಗಲೂ ಅವನು ಆ ಕೆಲಸದಲ್ಲಿಯೇ ಇದ್ದನು.